ಬಾಗಿಲು ಕಾಯುವವನ ಲೈಸೆನ್ಸ್ ಕಿತ್ತುಕೊಳ್ಳುವ ಮೊದಲು



ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯನ್ನು ತಾವೆಲ್ಲ ನೋಡಿರಬಹುದು. ವರದಿ ವಾಚನ, ಲೆಕ್ಕಪತ್ರ ಮಂಡನೆ, ಪದಾಧಿಕಾರಿಗಳ ಚುನಾವಣೆ ಎಂಬ ಎಂದಿನ ವಿಷಯಗಳ ಕೆಳಗೆ ಈ ಸಲ ಹೊಸದೊಂದು ಠರಾವು ಸೇರಿಕೊಂಡಿದೆ. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ನಮ್ಮ ಸಂಘದ ಸಮಾರಂಭಗಳಿಗೆ ಸ್ಟೂಡೆಂಟ್ ವೀಸಾದ ಮೇಲೆ ಬಂದಿರುವ ಸೆಕ್ಯೂರಿಟಿ ಗಾರ್ಡ್‌ಗಳು ಬೇಡ ಎಂಬುದು. ಎರಡನೆಯದು, ಹೊರದೇಶದಿಂದ ಹೊಸದಾಗಿ ಬಂದವರಿಗೆ ಸೆಕ್ಯೂರಿಟಿ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಬೇಕೆಂದು ಸಂಘದ ಲೆಟರ್‌ಹೆಡ್‌ನಲ್ಲಿ ನಮ್ಮ ಎಂ.ಪಿ.ಯವರಿಗೆ ಪತ್ರ ಬರೆಯಬೇಕು ಎಂಬುದು.

ನಾವು ಕೆಲವು ಸದಸ್ಯರು ಈ ಠರಾವನ್ನು ವಿರೋಧಿಸುತ್ತೇವೆ. ಸಭೆಯ ದಿನ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ, ಅಡುಗೆಮನೆಯಿಂದ ಬಿಸಿಬೇಳೆ ಬಾತಿನ ಘಮ ಬರುತ್ತಿರುವಾಗ, ಇಷ್ಟೆಲ್ಲ ಹೇಳಲು ನಮಗೂ ಪುರಸೊತ್ತು ಸಿಗದು, ಕೇಳಲು ನಿಮಗೂ ತಾಳ್ಮೆ ಇರದು. ಅದಕ್ಕೇ ಈ ಪುಟಗಳನ್ನು ಸಂಪಾದಕರಿಂದ ಬೇಡಿ ಪಡೆದಿದ್ದೇವೆ. ಕೆಲವು ಮಾತು ಕಹಿಯಾಗಬಹುದು. ಕಹಿಯ ಪಾಲು ನಮಗೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಠರಾವು ಹುಟ್ಟಿದ್ದು ಹೇಗೆಂದು ಎಲ್ಲರಿಗೂ ಗೊತ್ತಿಲ್ಲ. ಕಳೆದ ರಾಜ್ಯೋತ್ಸವದ ಸಂಜೆ ಬಾಡಿಗೆ ಹಾಲಿನ ಬಾಗಿಲಲ್ಲಿ ಹಳದಿ ಜಾಕೆಟ್ ತೊಟ್ಟು, ತೋಳಿಗೆ ಲೈಸೆನ್ಸ್ ಕಾರ್ಡ್ ಸಿಕ್ಕಿಸಿಕೊಂಡ ಒಬ್ಬ ಹುಡುಗ ನಿಂತಿದ್ದ. ನಮ್ಮ ಹಿರಿಯ ಸದಸ್ಯರೊಬ್ಬರು ಟಿಕೆಟ್ಟನ್ನು ಮನೆಯಲ್ಲೇ ಮರೆತು ಬಂದಿದ್ದರು. ಹುಡುಗ ಅವರನ್ನು ತಡೆದ. ಇಂಗ್ಲಿಷಿನಲ್ಲಿ ಎರಡು ಮಾತಾದ ಮೇಲೆ ಅವನೇ ಕನ್ನಡಕ್ಕೆ ತಿರುಗಿ, "ಸಾರ್, ಒಂದ್ನಿಮಿಷ ನಿಲ್ಲಿ ಸಾರ್. ಒಳಗಿಂದ ಕಮಿಟಿಯೋರನ್ನ ಕರೀತೀನಿ. ಟಿಕೆಟ್ ಇಲ್ದೆ ಬಿಡೋ ಹಾಗಿಲ್ಲ," ಎಂದ. ಹಿರಿಯರಿಗೆ ಅದು ಇನ್ನೂ ಹೆಚ್ಚು ಚುಚ್ಚಿತು. "ನಮ್ಮವನೇ ಆಗಿ ನಮ್ಮನ್ನೇ ತಡೀತೀಯೇನಯ್ಯಾ?" ಎಂದು ಗದರಿಸಿದರು. ಕಾರ್ಯದರ್ಶಿಗಳು ಬಂದು ಸಮಾಧಾನ ಮಾಡಿ ಅವರನ್ನು ಒಳಗೆ ಕರೆದೊಯ್ದರು.

ಇಷ್ಟೇ ನಡೆದದ್ದು. ಹುಡುಗ ಮಾಡಿದ ತಪ್ಪೇನು? ಬಾಗಿಲು ಕಾಯಲು ನಿಂತವನು ಬಾಗಿಲು ಕಾದ. ಆದರೆ ಆ ರಾತ್ರಿ ಊಟದ ಮೇಜುಗಳಲ್ಲಿ ಎದ್ದ ಮಾತು ಬೇರೆಯೇ ಆಗಿತ್ತು. ಓದಲೆಂದು ಬಂದವರು ಬಾಗಿಲು ಕಾಯುವುದೆಂದರೇನು? ಇವರಿಗೆಲ್ಲ ಲೈಸೆನ್ಸ್ ಕೊಟ್ಟವರು ಯಾರು? ಇವರಿಂದ ನಾವು ಮೂವತ್ತು ವರ್ಷ ಬೆವರು ಸುರಿಸಿ ಗಳಿಸಿದ ಹೆಸರು ಮಣ್ಣುಪಾಲಾಗುತ್ತದೆ. ಆ ಮಾತುಗಳೇ ಹಣ್ಣಾಗಿ ಈ ಠರಾವಾಗಿವೆ.

ಮೊದಲ ಪ್ರಶ್ನೆಯಿಂದಲೇ ಶುರುಮಾಡೋಣ. ಲೈಸೆನ್ಸ್ ಕೊಟ್ಟವರು ಯಾರು, ಹೇಗೆ?

ಬ್ರಿಟನ್ನಿನಲ್ಲಿ ಖಾಸಗಿ ಕಾವಲಿನ ಕೆಲಸಕ್ಕೆ ಲೈಸೆನ್ಸ್ ಬಂದದ್ದು 2001ರ ಪ್ರೈವೇಟ್ ಸೆಕ್ಯೂರಿಟಿ ಇಂಡಸ್ಟ್ರಿ ಕಾಯ್ದೆಯಿಂದ. ಅದಕ್ಕೆ ಮುಂಚೆ ಕ್ಲಬ್ಬಿನ ಬಾಗಿಲಲ್ಲಿ ನಿಲ್ಲುವ ಬೌನ್ಸರ್ ಹಿಂದೆ ಜೈಲಿಗೆ ಹೋಗಿಬಂದವನೇ, ಯಾವುದಾದರೂ ಗ್ಯಾಂಗಿನವನೇ ಎಂದು ಕೇಳುವ ಏಕರೂಪದ ವ್ಯವಸ್ಥೆ ದೇಶದಲ್ಲಿರಲಿಲ್ಲ. ಕಾಯ್ದೆಯ ಕೆಳಗೆ 2003ರಲ್ಲಿ ಸೆಕ್ಯೂರಿಟಿ ಇಂಡಸ್ಟ್ರಿ ಅಥಾರಿಟಿ, ಅಂದರೆ ಎಸ್.ಐ.ಎ., ಸ್ಥಾಪನೆಯಾಯಿತು. ಈಗ ಗುತ್ತಿಗೆಯ ಮೇಲೆ ಕಟ್ಟಡ ಕಾಯುವವರು, ಪಬ್ಬು ಕ್ಲಬ್ಬುಗಳ ಬಾಗಿಲಲ್ಲಿ ನಿಲ್ಲುವವರು, ಹಣ ಸಾಗಿಸುವವರು, ಸಾರ್ವಜನಿಕ ಸ್ಥಳದ ಸಿ.ಸಿ.ಟಿ.ವಿ. ನೋಡುವವರು ಎಲ್ಲರಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡಿದರೆ 6 ತಿಂಗಳವರೆಗೆ ಜೈಲಾಗಬಹುದು. ಲೈಸೆನ್ಸ್ ಹೊಂದಿರುವವರ ಸಂಖ್ಯೆ ನಾಲ್ಕು ಲಕ್ಷಕ್ಕೂ ಮಿಕ್ಕಿದೆ.

ಅದು ಬೀದಿಯಲ್ಲಿ ಹಂಚುವ ಕರಪತ್ರವಲ್ಲ. ಅರ್ಜಿದಾರನಿಗೆ 18 ತುಂಬಿರಬೇಕು. ಗುರುತಿನ ದಾಖಲೆ ಕೊಡಬೇಕು. ಕೈಯಿಂದ ದುಡ್ಡು ಕಟ್ಟಿ ತರಬೇತಿ ಪಡೆದು ಪರೀಕ್ಷೆ ಪಾಸು ಮಾಡಬೇಕು. 2021ರಿಂದ ಪ್ರಥಮ ಚಿಕಿತ್ಸೆಯ ಅರ್ಹತೆಯೂ ಬೇಕು. ಅರ್ಜಿಯ ಶುಲ್ಕ ಬೇರೆ. ಲೈಸೆನ್ಸ್ ಸಿಗದಿದ್ದರೂ ಅದು ವಾಪಸು ಬರುವುದಿಲ್ಲ. ಇದೆಲ್ಲ ಆದಮೇಲೆ ಸಿಗುವ ಕಾರ್ಡಿನ ಆಯುಸ್ಸು 3 ವರ್ಷ.

ಹೊರದೇಶದವರಿಗೆ ಇದರ ಮೇಲೆ ಇನ್ನೂ ಎರಡು ಗೇಟುಗಳಿವೆ. ಹಿಂದಿನ ಕೆಲವು ವರ್ಷಗಳಲ್ಲಿ ಸತತವಾಗಿ 6 ತಿಂಗಳು ಅಥವಾ ಹೆಚ್ಚು ಕಾಲ ಬೇರೆ ದೇಶದಲ್ಲಿದ್ದವರು ಆ ದೇಶದಲ್ಲಿ ತಮ್ಮ ಮೇಲೆ ಅಪರಾಧವಿಲ್ಲವೆಂದು ಅಲ್ಲಿಂದ ಪತ್ರ ತರಬೇಕು. ಪಾಸ್‌ಪೋರ್ಟಿಗಾಗಿ ಊರಿನ ಪೊಲೀಸ್ ಠಾಣೆಗೆ ಅಲೆದವರಿಗೆ ಇಂಥ ಪತ್ರ ತರುವ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೆಯದು, ಈ ದೇಶದಲ್ಲಿ ಕೆಲಸ ಮಾಡುವ ಹಕ್ಕು ಅವರಿಗಿದೆಯೇ ಎಂಬ ತಪಾಸಣೆ.

"2007ರಲ್ಲಿ ಏನಾಯಿತು ಗೊತ್ತಲ್ಲ?" ಎಂದು ಠರಾವಿನವರು ಕೇಳುತ್ತಾರೆ. ಗೊತ್ತು. ಈ ದೇಶದಲ್ಲಿ ಕೆಲಸ ಮಾಡುವ ಹಕ್ಕೇ ಇಲ್ಲದ ಸಾವಿರಾರು ಜನರಿಗೆ ಎಸ್.ಐ.ಎ. ಲೈಸೆನ್ಸ್ ಸಿಕ್ಕಿದೆ ಎಂಬುದು ಆ ವರ್ಷದ ನವೆಂಬರಿನಲ್ಲಿ ಹೊರಬಿತ್ತು. ಆಗಿನ ಗೃಹ ಸಚಿವೆ ಜಾಕಿ ಸ್ಮಿತ್ ಸಂಸತ್ತಿನಲ್ಲಿ ಎದ್ದುನಿಂತು ವಿವರಣೆ ಕೊಡಬೇಕಾಯಿತು. ಪತ್ರಿಕೆಗಳು ವಾರಗಟ್ಟಲೆ ಕೂಗಿದವು. ನಮ್ಮಲ್ಲಿ ಹಲವರಿಗೆ ಆ ದಿನಗಳಲ್ಲಿ ಆಫೀಸಿನಲ್ಲಿ ಸಹೋದ್ಯೋಗಿಗಳು ನೋಡಿದ ಓರೆನೋಟ ಇನ್ನೂ ನೆನಪಿದೆ.

ಆದರೆ ಆ ಕಥೆಯನ್ನು ಪೂರ್ತಿ ಹೇಳಬೇಕು. ಆವರೆಗೆ ಲೈಸೆನ್ಸ್ ಕೊಡುವವರು ನೋಡುತ್ತಿದ್ದದ್ದು ಮನುಷ್ಯ ಈ ಕೆಲಸಕ್ಕೆ ಯೋಗ್ಯನೇ ಎಂಬುದನ್ನು. ಅವನಿಗೆ ಕೆಲಸದ ಹಕ್ಕಿದೆಯೇ ಎಂದು ನೋಡುವ ಹೊಣೆ 1996ರ ವಲಸೆ ಕಾಯ್ದೆಯಿಂದಲೇ ಕೆಲಸ ಕೊಡುವ ಮಾಲೀಕನದು. ಮಾಲೀಕ ಮಾಡಿದ್ದೇನು? ಎಸ್.ಐ.ಎ. ಕಾರ್ಡಿದೆಯಲ್ಲ, ಸರ್ಕಾರವೇ ನೋಡಿರುತ್ತದೆ ಎಂದುಕೊಂಡ. ಸರ್ಕಾರ ಮಾಲೀಕ ನೋಡುತ್ತಾನೆ ಎಂದುಕೊಂಡಿತು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಒಲೆಯ ಮೇಲಿನ ಹಾಲು ಉಕ್ಕಿಹೋದಂತೆ ಆಯಿತು. ಹಗರಣ ಹೊರಬೀಳುವ ಮುನ್ನವೇ, 2007ರ ಜುಲೈಯಿಂದ, ಎಸ್.ಐ.ಎ. ಕೆಲಸದ ಹಕ್ಕನ್ನೂ ತಪಾಸಣೆ ಮಾಡತೊಡಗಿತ್ತು. ಮಾಲೀಕನ ಮೇಲಿನ ದಂಡವೂ ಏರುತ್ತಾ ಬಂದು, 2024ರ ಫೆಬ್ರವರಿಯಿಂದ ಹಕ್ಕಿಲ್ಲದ ಪ್ರತಿಯೊಬ್ಬ ನೌಕರನಿಗೂ ಮೊದಲ ಸಲ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000 ಪೌಂಡ್‌ವರೆಗೆ ಹಾಕಬಹುದಾಗಿದೆ. ಅಂದಮೇಲೆ 2007ರ ಹಗರಣವನ್ನು ಇಂದಿನ ಹುಡುಗನ ತಲೆಗೆ ಕಟ್ಟುವುದು ಯಾವ ನ್ಯಾಯ? ಅವನು ಆಗ ಒಂದನೇ ತರಗತಿಯಲ್ಲಿ ಮಗ್ಗಿ ಕಲಿಯುತ್ತಿದ್ದಿರಬೇಕು.

ಇಲ್ಲಿ ಎರಡು ಅನುಮತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಲೈಸೆನ್ಸ್ ಹೇಳುವುದು, ಈ ಮನುಷ್ಯ ತರಬೇತಾದವನು, ಅಪರಾಧಿಯಲ್ಲ ಎಂದು. ವೀಸಾ ಹೇಳುವುದು, ಎಷ್ಟು ಕೆಲಸ, ಯಾವ ರೀತಿಯ ಕೆಲಸ ಮಾಡಬಹುದು ಎಂದು. ನಮ್ಮ ಹುಡುಗರು ಮುಗ್ಗರಿಸುವುದು ಎರಡನೆಯದರಲ್ಲಿ, ಮತ್ತು ಅಲ್ಲಿ ಅವರ ಕಾಲಿಗೆ ಹಗ್ಗ ಕಟ್ಟಿದವರು ಬೇರೆ ಇದ್ದಾರೆ.

ಪದವಿ ಅಥವಾ ಮಾಸ್ಟರ್ಸ್ ಓದಲು ಸ್ಟೂಡೆಂಟ್ ವೀಸಾದಲ್ಲಿ ಬಂದವರು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಸೋಮವಾರದಿಂದ ಭಾನುವಾರದವರೆಗಿನ ಪ್ರತಿ ವಾರಕ್ಕೂ ಈ ಲೆಕ್ಕ. ಈ ವಾರ 10, ಮುಂದಿನ ವಾರ 30 ಎಂದು ಸರಿದೂಗಿಸುವಂತಿಲ್ಲ. ಒಂದು ವರ್ಷದ ಮಾಸ್ಟರ್ಸ್ ಮಾಡುವವರಿಗೆ ಬೇಸಿಗೆಯೂ ಸಾಮಾನ್ಯವಾಗಿ ಪಾಠದ ಅವಧಿಯೇ, ಏಕೆಂದರೆ ಆಗ ಪ್ರಬಂಧ ಬರೆಯಬೇಕು. ಈಗ ಕಾವಲಿನ ಕೆಲಸದ ಲೆಕ್ಕ ನೋಡಿ. ಅಲ್ಲಿ 12 ಗಂಟೆಯ ಪಾಳಿ ಮಾಮೂಲು. ಒಂದು ಪಾಳಿ ಮಾಡಿದರೆ 12, ಎರಡು ಮಾಡಿದರೆ 24. ಎರಡನೇ ರಾತ್ರಿ ಇನ್ನೂ ಪೂರ್ತಿ ಬೆಳಗಾಗುವ ಮೊದಲೇ ಹುಡುಗ ಕಾನೂನು ಮುರಿದಿರುತ್ತಾನೆ. ಎಂಟು ಗಂಟೆಗೇ ಮನೆಗೆ ಹೋಗುತ್ತೇನೆ ಎಂದರೆ ಮುಂದಿನ ವಾರ ಅವನಿಗೆ ಪಾಳಿ ಸಿಗುವುದಿಲ್ಲ.

ಇನ್ನೊಂದು ನಿಯಮ ಬಹಳ ಜನ ಪೋಷಕರಿಗೆ ತಿಳಿದಿಲ್ಲ. ಸ್ಟೂಡೆಂಟ್ ವೀಸಾದವರು ಸ್ವಂತ ಉದ್ಯೋಗ ಮಾಡುವಂತಿಲ್ಲ. ಇನ್‌ವಾಯ್ಸ್ ಕಳಿಸಿ ದುಡ್ಡು ಪಡೆಯುವ 'ಸೆಲ್ಫ್ ಎಂಪ್ಲಾಯ್ಡ್' ಕೆಲಸ ಒಂದೇ ಒಂದು ಗಂಟೆಯದಾದರೂ ನಿಷಿದ್ಧ. ಆದರೆ ಕಾವಲಿನ ವ್ಯಾಪಾರದಲ್ಲಿ ಸಣ್ಣ ಗುತ್ತಿಗೆದಾರರು ಕೆಲವರು ಮಾಡುವುದೇ ಅದು. ಪಾಳಿ ಹಾಕುವವರು ಅವರು, ಸಮವಸ್ತ್ರ ಕೊಡುವವರು ಅವರು, ಎಲ್ಲಿ ನಿಲ್ಲಬೇಕೆಂದು ಹೇಳುವವರು ಅವರು. ಕಾಗದದ ಮೇಲೆ ಮಾತ್ರ ಹುಡುಗ ಒಬ್ಬ ಸ್ವತಂತ್ರ ವ್ಯಾಪಾರಿ. ಹೀಗೆ ಮಾಡಿದರೆ ರಜೆಯ ಸಂಬಳ ಕೊಡಬೇಕಿಲ್ಲ, ಕಾಯಿಲೆಯ ಸಂಬಳ ಕೊಡಬೇಕಿಲ್ಲ, ನ್ಯಾಷನಲ್ ಇನ್‌ಶೂರೆನ್ಸ್‌ನಲ್ಲಿ ಮಾಲೀಕನ ಪಾಲು ಕಟ್ಟಬೇಕಿಲ್ಲ. ತೆರಿಗೆ ಇಲಾಖೆ ಹಣೆಪಟ್ಟಿಯನ್ನು ನೋಡುವುದಿಲ್ಲ, ಕೆಲಸ ನಿಜವಾಗಿ ಹೇಗೆ ನಡೆಯುತ್ತದೆಂದು ನೋಡುತ್ತದೆ ಎಂಬುದು ಸರಿ. ಆದರೆ ಇಲಾಖೆ ಬಂದು ನೋಡುವ ಹೊತ್ತಿಗೆ ಹುಡುಗನ ಓದು, ವೀಸಾ ಎರಡೂ ಮುಗಿದಿರುತ್ತವೆ.

ಈ 'ಸೆಲ್ಫ್ ಎಂಪ್ಲಾಯ್ಡ್' ಎಂಬ ಕಿಂಡಿಯಿಂದ ಮಾಲೀಕನಿಗೆ ಮತ್ತೊಂದು ಲಾಭವೂ ಇತ್ತು. ಮೇಲೆ ಹೇಳಿದ 45,000 ಪೌಂಡ್ ದಂಡದ ಕಾನೂನನ್ನು ಕಟ್ಟಿದ್ದು 'ನೌಕರ' ಎಂಬ ಪದದ ಸುತ್ತ. ಸಂಸತ್ತು 2025ರ ಗಡಿ ಭದ್ರತೆ ಮತ್ತು ವಲಸೆ ಕಾಯ್ದೆಯಲ್ಲಿ ಇತರ ಬಗೆಯ ದುಡಿಮೆಯನ್ನೂ ಇದರೊಳಗೆ ತರಲು ಕಲಂ ಸೇರಿಸಿತು. ಅಂದರೆ ಕಿಂಡಿ ಇದ್ದದ್ದು ಅವರಿಗೂ ಗೊತ್ತಿತ್ತು. ನಮಗೆ ಮಾತ್ರ ಕಿಂಡಿಯಲ್ಲಿ ಸಿಕ್ಕಿಕೊಂಡ ಹುಡುಗನೇ ಕಳ್ಳನಂತೆ ಕಾಣುತ್ತಾನೆ.

ಈಗ ನಮ್ಮ ಪಾಲಿನ ಕಹಿ. ಆ ರಾಜ್ಯೋತ್ಸವದ ರಾತ್ರಿ, ಗಲಾಟೆಯಾದ ಮೇಲೆ, ನಮ್ಮಲ್ಲಿಬ್ಬರು ಹುಡುಗನಿಗೆ ಒಂದು ತಟ್ಟೆ ಊಟ ಹಿಡಿದು ಹೊರಗೆ ಹೋದೆವು. ಡ್ಯೂಟಿಯಲ್ಲಿ ಕೂತು ತಿನ್ನುವಂತಿಲ್ಲವೆಂದು ಅವನು ನಿಂತೇ ತಿಂದ. ಚಿತ್ರದುರ್ಗದ ಕಡೆಯವನು. ಇಲ್ಲಿ ಎಂ.ಎಸ್ಸಿ. ಓದುತ್ತಿದ್ದಾನೆ. ಊರಿನ ಮನೆಯ ಪತ್ರ ಬ್ಯಾಂಕಿನಲ್ಲಿದೆ. ಲೈಸೆನ್ಸ್ ಸಾಚಾ, ನಾವೇ ಆಮೇಲೆ ಪರೀಕ್ಷಿಸಿದೆವು. ಸಂಬಳ ಹೇಗೆ ಕೊಡುತ್ತಾರೆ ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್‌ವಾಯ್ಸ್ ಹಾಕು ಅಂತಾರೆ ಅಂಕಲ್. ಮೂರು ವಾರ ಆದ್ಮೇಲೆ ಬರುತ್ತೆ. ಒಂದೊಂದ್ಸಲ ಪೂರ್ತಿ ಬರಲ್ಲ," ಎಂದ. ಅವನಿಗೆ ಕೆಲಸ ಕೊಟ್ಟವನು ನಮ್ಮೊಡನೆ ಒಪ್ಪಂದ ಮಾಡಿಕೊಂಡ ಕಂಪೆನಿಯವನಲ್ಲ. ಆ ಕಂಪೆನಿ ಕೆಲಸವನ್ನು ಇನ್ನೊಬ್ಬನಿಗೆ ದಾಟಿಸಿತ್ತು, ಆ ಇನ್ನೊಬ್ಬ ಇವನನ್ನು ಫೋನಿನಲ್ಲಿ ಕರೆಸಿದ್ದ.

ಆ ಕಂಪೆನಿಯನ್ನು ಆರಿಸಿದವರು ಯಾರು? ನಮ್ಮ ಸಂಘ. ಮೂರು ಕೊಟೇಶನ್ ಬಂದಿದ್ದವು. ಅತಿ ಕಡಿಮೆಯದನ್ನು ಒಪ್ಪಿದೆವು. ಆ ಸಭೆಯಲ್ಲಿ ಇದನ್ನು ಬರೆಯುತ್ತಿರುವ ನಮ್ಮಲ್ಲೂ ಇಬ್ಬರು ಕೈ ಎತ್ತಿದ್ದೆವು. ಉಳಿದ ಹಣದಲ್ಲಿ ಬೆಂಗಳೂರಿನಿಂದ ಬಂದ ಕಲಾವಿದರಿಗೆ ಹಾರ ಶಾಲು ದೊಡ್ಡದಾಗಿಯೇ ಆಯಿತು. ಇಷ್ಟು ಅಗ್ಗಕ್ಕೆ ಇವರು ಗಾರ್ಡುಗಳನ್ನು ಹೇಗೆ ಕಳಿಸುತ್ತಾರೆ ಎಂದು ನಾವು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಅಲ್ಲೇ ಇತ್ತು: ಒಬ್ಬ ಹುಡುಗನ ವೀಸಾವನ್ನು ಪಣಕ್ಕಿಟ್ಟು.

ಅವನು ನಾಳೆ ಸಿಕ್ಕಿಬಿದ್ದರೆ ಆಗುವುದೇನು? ವೀಸಾ ಮೊಟಕಾಗುತ್ತದೆ, ಯೂನಿವರ್ಸಿಟಿ ಹೆಸರು ತೆಗೆಯುತ್ತದೆ, ಮುಂದೆ ಯಾವ ದೇಶದ ವೀಸಾ ಅರ್ಜಿಯಲ್ಲೂ ಅವನು ಅದನ್ನು ಬರೆಯಬೇಕಾಗುತ್ತದೆ. ಗುತ್ತಿಗೆದಾರ ಬೋರ್ಡು ಬದಲಾಯಿಸಿ ಬೇರೆ ಹೆಸರಿನಲ್ಲಿ ಕೊಟೇಶನ್ ಕಳಿಸುತ್ತಾನೆ. ನಾವು ಮತ್ತೆ ಅತಿ ಕಡಿಮೆಯದನ್ನು ಆರಿಸುತ್ತೇವೆ.

ಇದು ಹೀಗೆ ನಡೆಯಲು ಕಾನೂನಿನಲ್ಲೇ ಒಂದು ದೊಡ್ಡ ತೂತಿದೆ. ಬಾಗಿಲಲ್ಲಿ ನಿಲ್ಲುವ ಮನುಷ್ಯನಿಗೆ ಲೈಸೆನ್ಸ್ ಬೇಕು. ಕಂಪೆನಿಯ ನಿರ್ದೇಶಕರೂ ತಮ್ಮ ಹೆಸರಿನಲ್ಲಿ ಒಂದು ಲೈಸೆನ್ಸ್ ಇಟ್ಟುಕೊಳ್ಳಬೇಕು. ಆದರೆ ಕಂಪೆನಿಗೆ, ಕಂಪೆನಿ ಎಂಬ ವ್ಯಾಪಾರಕ್ಕೆ, 2001ರ ಕಾಯ್ದೆ ಲೈಸೆನ್ಸನ್ನು ಕಡ್ಡಾಯ ಮಾಡಲಿಲ್ಲ. 2006ರಲ್ಲಿ ಅಪ್ರೂವ್ಡ್ ಕಾಂಟ್ರಾಕ್ಟರ್ ಸ್ಕೀಮ್ ಎಂಬುದು ಬಂತು. ಬೇಕಾದ ಕಂಪೆನಿ ಸೇರಬಹುದು, ಬೇಡವಾದದ್ದು ಹೊರಗಿರಬಹುದು. ಕಂಪೆನಿಗಳಿಗೇ ಲೈಸೆನ್ಸ್ ತರುವ ಬಗ್ಗೆ 2012ರಲ್ಲಿ ಸರ್ಕಾರವೇ ಸಾರ್ವಜನಿಕರ ಅಭಿಪ್ರಾಯ ಕೇಳಿ, ಆಮೇಲೆ ಕಡತ ಮುಚ್ಚಿಟ್ಟಿತು.

ಇದರ ಪರಿಣಾಮ ಬರೀ ಸಂಬಳದ ಮಾತಲ್ಲ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನಡೆದ ಬಾಂಬ್ ದಾಳಿಯಲ್ಲಿ 22 ಜನ ಸತ್ತರು. ಅದರ ವಿಚಾರಣೆ ನಡೆಸಿದ ಸರ್ ಜಾನ್ ಸಾಂಡರ್ಸ್ 2021ರ ಜೂನ್ ತಿಂಗಳ ಮೊದಲ ಸಂಪುಟದಲ್ಲಿ ಭದ್ರತಾ ವ್ಯವಸ್ಥೆಯ ಲೋಪಗಳನ್ನು ಪಟ್ಟಿಮಾಡಿದರು. ಸೆಕ್ಯೂರಿಟಿ ಸೇವೆ ಒದಗಿಸುವ ಗುತ್ತಿಗೆದಾರ ಕಂಪೆನಿಗಳಿಗೂ ಲೈಸೆನ್ಸ್ ಬೇಕೆನ್ನುವುದನ್ನು ಪರಿಗಣಿಸಿ ಎಂಬುದು ಅವರ ಸಲಹೆಗಳಲ್ಲೊಂದು. ಅಷ್ಟು ಜನರ ಸಾವನ್ನು ವರ್ಷಗಟ್ಟಲೆ ಪರಿಶೀಲಿಸಿದ ನ್ಯಾಯಾಧೀಶರ ಕಣ್ಣು ಹೋದದ್ದು ಕಂಪೆನಿಗಳ ಕಡೆಗೆ. ನಮ್ಮ ಠರಾವಿನ ಕಣ್ಣು ಮಾತ್ರ ಹುಡುಗನ ಪಾಸ್‌ಪೋರ್ಟಿನ ಕಡೆಗೆ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನನ್ನೂ ಒಮ್ಮೆ ನೋಡಿ. ಭಾರತದಲ್ಲಿ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಮೊದಲು ಲೈಸೆನ್ಸ್ ಕೇಳುವುದು ಏಜೆನ್ಸಿಯನ್ನು. ಲೈಸೆನ್ಸ್ ಇಲ್ಲದೆ ಯಾರೂ ಈ ವ್ಯಾಪಾರ ಶುರುಮಾಡುವಂತಿಲ್ಲ. ಗಾರ್ಡಿಗೆ ತರಬೇತಿ ಕೊಡಿಸಿ, ಫೋಟೋ ಇರುವ ಗುರುತಿನ ಚೀಟಿ ಕೊಡುವುದು ಏಜೆನ್ಸಿಯ ಹೊಣೆ. 2006ರ ಮಾದರಿ ನಿಯಮಗಳ ಪ್ರಕಾರ ಆ ತರಬೇತಿ 100 ಗಂಟೆ ತರಗತಿಯಲ್ಲಿ, 60 ಗಂಟೆ ಬಯಲಿನಲ್ಲಿ. ನಿಯಮ ಪುಸ್ತಕದಲ್ಲಿದ್ದಂತೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನಡೆಯುತ್ತಿದೆ ಎಂದು ಹೇಳುವಷ್ಟು ಮುಗ್ಧರು ನಾವಲ್ಲ. ರಜೆಗೆ ಹೋದಾಗ ಗೇಟಿನಲ್ಲಿ 12 ಗಂಟೆ ನಿಂತು ಸೆಲ್ಯೂಟ್ ಹೊಡೆಯುವ ವಾಚ್‌ಮನ್‌ಗಳನ್ನು ಎಲ್ಲರೂ ನೋಡಿದ್ದೇವೆ. ಆದರೂ ಕಾನೂನಿನ ಬೆರಳು ತೋರಿಸುವ ದಿಕ್ಕು ಸರಿಯಾಗಿದೆ: ಲಾಭ ಮಾಡುವವನು ಮೊದಲು ಉತ್ತರ ಹೇಳಲಿ.

ಅದೇ ಕಾಯ್ದೆಯ 10ನೇ ಕಲಂ ಇನ್ನೂ ಸ್ವಾರಸ್ಯದ್ದು. ಗಾರ್ಡ್ ಆಗುವವನು ಭಾರತದ ಪ್ರಜೆಯಾಗಿರಬೇಕು, ಅಥವಾ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸುವ ಬೇರೆ ದೇಶದ ಪ್ರಜೆಯಾಗಿರಬೇಕು ಎನ್ನುತ್ತದೆ ಅದು. ಪರದೇಶದವನು ನಮ್ಮ ಬಾಗಿಲು ಕಾಯಬಹುದು ಎಂದು ನಮ್ಮ ಸಂಸತ್ತೇ ಬಾಗಿಲು ತೆರೆದಿಟ್ಟಿದೆ. ಇದರಲ್ಲಿ ಆಶ್ಚರ್ಯವೇನಿದೆ? ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂಗಳಲ್ಲಿ ಬೆಳೆದವರು ನೆನಪಿಸಿಕೊಳ್ಳಿ. ನಡುರಾತ್ರಿ ದೊಣ್ಣೆ ಕುಟ್ಟುತ್ತಾ, ಸೀಟಿ ಊದುತ್ತಾ ಬೀದಿ ಸುತ್ತುತ್ತಿದ್ದ ಗೂರ್ಖಾ ಯಾವ ದೇಶದವನು? ನೇಪಾಳದವನು. 1950ರ ಭಾರತ ನೇಪಾಳ ಒಪ್ಪಂದದ ಬಲದಿಂದ ಅವನು ನಮ್ಮೂರಿನಲ್ಲಿ ಬದುಕಿ ದುಡಿಯಬಹುದಿತ್ತು. ತಿಂಗಳ ಮೊದಲ ವಾರ ಮನೆಮನೆಗೆ ಬಂದು ನಿಂತರೆ ನಮ್ಮ ತಾಯಂದಿರು ಐದೋ ಹತ್ತೋ ರೂಪಾಯಿ ಕೊಡುತ್ತಿದ್ದರು. ಅವನ ಸೀಟಿ ಕೇಳಿಸಿದರೆ ಮಗುವಾಗಿದ್ದ ನಮಗೆ ಧೈರ್ಯವಾಗಿ ನಿದ್ದೆ ಬರುತ್ತಿತ್ತು. ಪರದೇಶದವನೆಂದು ಅವನನ್ನು ಓಡಿಸಿ ಎಂದು ನಮ್ಮ ತಂದೆಯವರು ಯಾವ ಠರಾವನ್ನೂ ಮಂಡಿಸಲಿಲ್ಲ.

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಎಂಬುದೊಂದು. ದಿಕ್ಕುದೆಸೆ ಇಲ್ಲದವನು ಎಂಬುದಿನ್ನೊಂದು. ಮೊದಲನೆಯ ಅರ್ಥದಲ್ಲಿ ನಾವೆಲ್ಲರೂ ಇಲ್ಲಿಗೆ ಪರದೇಶಿಗಳಾಗಿಯೇ ಬಂದವರು. ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಬಂದಮೇಲೆ ಹಿಂದೆ ಬರುವವರನ್ನು ಎರಡನೆಯ ಅರ್ಥದ ಪರದೇಶಿಗಳನ್ನಾಗಿ ಮಾಡಲು ನಮ್ಮ ಲೆಟರ್‌ಹೆಡ್ ಬಳಸುವುದೇ? ನಮ್ಮಲ್ಲೇ ಕೆಲವರು ಬಂದ ಹೊಸತರಲ್ಲಿ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ಮಾಡಿದ್ದೇವೆ, ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದೇವೆ. ಊರಿಗೆ ಬರೆದ ಏರೋಗ್ರಾಮಿನಲ್ಲಿ ಮಾತ್ರ ಅದನ್ನು ಬರೆಯಲಿಲ್ಲ.

ಎದುರುವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. "ಎಲ್ಲ ಹುಡುಗರೂ ಸತ್ಯಹರಿಶ್ಚಂದ್ರರೇ?" ಎಂದು ಠರಾವಿನವರು ಕೇಳುತ್ತಾರೆ. ಅಲ್ಲ. ತಿಳಿದೂ ತಿಳಿದೂ 40 ಗಂಟೆ ದುಡಿಯುವವರು ಇದ್ದಾರೆ. ಓದಿಗೆ ಹೆಸರಿಗಷ್ಟೇ ಸೇರಿ ದುಡಿಮೆಗೆಂದೇ ಬಂದವರಿದ್ದಾರೆ. ತರಬೇತಿಗೆ ಸರಿಯಾಗಿ ಕೂರದೆ ಸರ್ಟಿಫಿಕೇಟ್ ಹೊಂದಿಸಿಕೊಂಡವರಿದ್ದರೆ ಅದು ಇನ್ನೂ ಅಪಾಯದ್ದು, ಏಕೆಂದರೆ ಬೆಂಕಿ ಬಿದ್ದಾಗ ನಮ್ಮ ಮಕ್ಕಳನ್ನು ಹೊರಗೆ ದಾರಿ ತೋರಿಸಬೇಕಾದವನು ಅವನೇ. ಇಂಥವರ ಲೈಸೆನ್ಸ್ ಹೋಗಲಿ. ನಾವು ಅವರ ಪರ ವಕಾಲತ್ತು ಹಾಕುವುದಿಲ್ಲ. ಆದರೆ ಮೋಸ ಮಾಡಿದವನ ಲೈಸೆನ್ಸ್ ಕಿತ್ತುಕೊಳ್ಳುವುದಕ್ಕೂ ಒಂದು ಬಗೆಯ ವೀಸಾದವರೆಲ್ಲರ ಲೈಸೆನ್ಸ್ ಕಿತ್ತುಕೊಳ್ಳುವುದಕ್ಕೂ ಅಜಗಜಾಂತರವಿದೆ.

"ಇವರಿಂದ ಇಲ್ಲಿಯವರ ಕೂಲಿ ಇಳಿಯುತ್ತದೆ" ಎಂಬುದು ಇನ್ನೊಂದು ವಾದ. ಇದನ್ನು ತಳ್ಳಿಹಾಕಲಾಗದು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಬ್ಬ ಸಿಕ್ಕರೆ ಸರಿಯಾದ ಸಂಬಳ ಕೇಳುವ ಇಲ್ಲಿಯ ಗಾರ್ಡಿಗೆ ಕೆಲಸ ತಪ್ಪುತ್ತದೆ. ಆದರೆ ಆ ಕಡಿಮೆ ಕೂಲಿಯನ್ನು ನಿಗದಿ ಮಾಡಿದವನು ಹುಡುಗನೇ? ಲೈಸೆನ್ಸ್ ಕಿತ್ತುಕೊಂಡರೆ ಆ ಹುಡುಗ ಮಾಯವಾಗುವುದಿಲ್ಲ. ಲೈಸೆನ್ಸ್ ಇಲ್ಲದೆ, ಇನ್ನೂ ಕಡಿಮೆ ಕೂಲಿಗೆ, ಇನ್ನೂ ಕತ್ತಲಿನ ಕಟ್ಟಡವೊಂದರಲ್ಲಿ ನಿಲ್ಲುತ್ತಾನೆ. ಈಗ ಅವನ ಹೆಸರು ಒಂದು ರಿಜಿಸ್ಟರಿನಲ್ಲಾದರೂ ಇದೆ. ಆಮೇಲೆ ಅದೂ ಇರುವುದಿಲ್ಲ. ಅವನು ಯಾರೆಂದು ನಮಗೂ ಗೊತ್ತಿರುವುದಿಲ್ಲ, ಸರ್ಕಾರಕ್ಕೂ ಗೊತ್ತಿರುವುದಿಲ್ಲ. ಭದ್ರತೆ ಬೇಕೆನ್ನುವವರು ಬಯಸಬೇಕಾದದ್ದು ಇದನ್ನೇ?

ಇನ್ನು ಹೆಸರಿನ ಮಾತು. ನಮ್ಮ ಹೆಸರು ಹಾಳಾಗುತ್ತದಂತೆ. ಬೇಲೂರಿಗೆ ಹೋದಾಗ ಗರ್ಭಗುಡಿಯ ಬಾಗಿಲಲ್ಲಿ ನಿಂತ ದ್ವಾರಪಾಲಕರ ಕೆತ್ತನೆಯನ್ನು ಮಕ್ಕಳಿಗೆ ತೋರಿಸಿ, ಇವನು ಜಯ ಅವನು ವಿಜಯ ಎಂದು ವಿವರಿಸುತ್ತೇವೆ. ಅವರನ್ನು ದಾಟದೆ ದೇವರ ದರ್ಶನವಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಕಲ್ಲಿನ ದ್ವಾರಪಾಲಕನಿಗೆ ಅಷ್ಟು ಮರ್ಯಾದೆ ಕೊಡುವವರು ಚಳಿಯಲ್ಲಿ ನಿಂತ ಜೀವಂತ ದ್ವಾರಪಾಲಕನನ್ನು ಕಂಡರೆ ಮಾತ್ರ ನಾಚುವುದೇಕೆ? ಹೆಸರು ಕೆಡುವುದು ಬಾಗಿಲು ಕಾಯುವುದರಿಂದಲ್ಲ. ಬಾಗಿಲು ಕಾದವನ ಕೂಲಿ ಉಳಿಸಿ ಶಾಲು ಹೊದಿಸುವುದರಿಂದ.

ಆದ್ದರಿಂದ ಮಹಾಸಭೆಯಲ್ಲಿ ನಾವು ಬೇರೊಂದು ಠರಾವನ್ನು ಮಂಡಿಸಲಿದ್ದೇವೆ. ಅದರ ಅಂಶಗಳು ಹೀಗಿವೆ.

ಒಂದು. ಸಂಘವು ಮುಂದೆ ಅಪ್ರೂವ್ಡ್ ಕಾಂಟ್ರಾಕ್ಟರ್ ಸ್ಕೀಮಿನಲ್ಲಿರುವ ಕಂಪೆನಿಯೊಡನೆ ಮಾತ್ರ ಸೆಕ್ಯೂರಿಟಿ ಒಪ್ಪಂದ ಮಾಡಿಕೊಳ್ಳಲಿ. ಕೆಲಸವನ್ನು ಬೇರೆಯವರಿಗೆ ದಾಟಿಸುವಂತಿಲ್ಲ, ಗಾರ್ಡುಗಳು ಸಂಬಳದ ಚೀಟಿ ಪಡೆಯುವ ನೌಕರರೇ ಆಗಿರಬೇಕು ಎಂದು ಒಪ್ಪಂದದಲ್ಲಿ ಬರೆಸಲಿ. ಖರ್ಚು ಹೆಚ್ಚಾಗುತ್ತದೆ. ಟಿಕೆಟ್ಟಿನ ಮೇಲೆ ಒಂದೆರಡು ಪೌಂಡ್ ಏರಿಸಿ, ಅಥವಾ ಒಂದು ಸಿಹಿ ಕಡಿಮೆ ಮಾಡಿ.

ಎರಡು. ಸಮಾರಂಭದ ದಿನ ಕಾರ್ಯದರ್ಶಿಗಳು ಪ್ರತಿಯೊಬ್ಬ ಗಾರ್ಡಿನ ಲೈಸೆನ್ಸ್ ನೋಡಲಿ. ಕಾರ್ಡಿನ ಮೇಲೆ 16 ಅಂಕಿಯ ಸಂಖ್ಯೆ ಇರುತ್ತದೆ. ಎಸ್.ಐ.ಎ.ಯ ಸಾರ್ವಜನಿಕ ರಿಜಿಸ್ಟರಿನಲ್ಲಿ ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ತಾಳೆ ನೋಡಬಹುದು. ಬಿಳಿಯ ಗಾರ್ಡಿಗೂ ಇದೇ, ಕನ್ನಡದ ಗಾರ್ಡಿಗೂ ಇದೇ.

ಮೂರು. ಎಂ.ಪಿ.ಯವರಿಗೆ ಪತ್ರ ಖಂಡಿತ ಬರೆಯೋಣ. ಕಾವಲಿನ ಕಂಪೆನಿಗಳಿಗೆ ಲೈಸೆನ್ಸ್ ಕಡ್ಡಾಯವಾಗಲಿ ಎಂದು ಬರೆಯೋಣ.

ನಾಲ್ಕು. ಪ್ರತಿ ಸೆಪ್ಟೆಂಬರಿನಲ್ಲಿ, ಹೊಸ ವಿದ್ಯಾರ್ಥಿಗಳು ಬಂದಿಳಿಯುವ ಹೊತ್ತಿಗೆ, ಸಂಘದ ಹಿರಿಯರು ಒಂದು ಭಾನುವಾರ ಅವರನ್ನು ಕೂರಿಸಿಕೊಂಡು 20 ಗಂಟೆಯ ನಿಯಮ, ಇನ್‌ವಾಯ್ಸಿನ ಬಲೆ, ಸಂಬಳದ ಚೀಟಿ ಓದುವ ಬಗೆ ಇಷ್ಟನ್ನು ತಿಳಿಸಿಕೊಡಲಿ. ನಮ್ಮಲ್ಲಿ ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ. ಸ್ವಂತ ವ್ಯಾಪಾರ ನಡೆಸುವ ಸದಸ್ಯರೂ ಇದ್ದಾರೆ. ಅವರು ತಮ್ಮ ಅಂಗಡಿ ಗೋದಾಮುಗಳ ಕಾವಲಿನವರಿಗೆ ಹೇಗೆ ಸಂಬಳ ಹೋಗುತ್ತಿದೆ ಎಂಬುದನ್ನೂ ಅದೇ ವಾರ ಒಮ್ಮೆ ನೋಡಿಕೊಳ್ಳಲಿ.

ಆ ಹುಡುಗನಿಗೆ ನಾವು ಇನ್‌ವಾಯ್ಸಿನ ಕೆಲಸ ಬಿಡಲು ಹೇಳಿದೆವು. ಬಿಟ್ಟ. ಈಗ ಸಂಬಳದ ಚೀಟಿ ಕೊಡುವ ಒಂದು ಕಡೆ ವಾರಕ್ಕೆ ಒಂದೇ ಪಾಳಿ ಮಾಡುತ್ತಾನೆ. ಬಾಡಿಗೆಗೆ ಸಾಲದು ಎನ್ನುತ್ತಾನೆ. ಸುಳ್ಳಲ್ಲ. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಭಾನುವಾರದ ಊಟಕ್ಕೆ ಮನೆಗೆ ಬರುತ್ತಾನೆ, ಅಷ್ಟೇ.

ಕೊನೆಯದಾಗಿ, ಹಿರಿಯರಲ್ಲಿ ಒಂದು ಮಾತು. ಆ ಸಂಜೆ ತಮ್ಮನ್ನು ತಡೆದದ್ದಕ್ಕೆ ತಮಗೆ ಬೇಸರವಾಯಿತು. ಅದು ನಮಗೆ ಅರ್ಥವಾಗುತ್ತದೆ, ತಮ್ಮ ಮೇಲೆ ನಮಗಿರುವ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ಟಿಕೆಟ್ ಇಲ್ಲದ ಬೇರೊಬ್ಬರನ್ನು ಅವನು ಒಳಗೆ ಬಿಟ್ಟಿದ್ದರೆ ಅವನ ಕೆಲಸ ಸರಿಯಿಲ್ಲವೆಂದು ಮೊದಲು ಹೇಳುವವರೂ ತಾವೇ ಆಗಿರುತ್ತಿದ್ದಿರಿ. ಮಹಾಸಭೆಯಲ್ಲಿ ಕೈ ಎತ್ತುವ ಮೊದಲು ಇದನ್ನೊಮ್ಮೆ ಯೋಚಿಸಬೇಕೆಂದು ತಮ್ಮಲ್ಲೂ ಎಲ್ಲ ಸದಸ್ಯ ಕುಟುಂಬಗಳಲ್ಲೂ ವಿನಂತಿಸುತ್ತೇವೆ.

ಇಂತು ತಮ್ಮ,
ಠರಾವನ್ನು ವಿರೋಧಿಸುವ ಕೆಲವು ಸದಸ್ಯರು